ಅಕ್ಕನ ಹಾಸಿಗೆಯಲ್ಲಿ ಮಲಗಿದ್ದ ಅಜ್ಜಿ

ಅದು ಅಕ್ಕನ ಕೊನೆಯ ರಜೆ. ಕುವೈತಿನ ಸರ್ಕಾರಿ ಆಸ್ಪತ್ರೆಯೊಂದಕ್ಕೆ ನರ್ಸಾಗಿ ಬಂದಾಗ ಅವಳಿನ್ನೂ ತೀರ ಚಿಕ್ಕ ವಯಸ್ಸಿನವಳು. ವರ್ಷ ಮುಗಿಯುತ್ತಲೇ ನಿವೃತ್ತಿ, ಆಮೇಲೆ ಇಕಾಮಾ ಎಂಬ ವಾಸದ ಪರವಾನಗಿ ರದ್ದು, ಆಮೇಲೆ ಊರು. ಹೋಗುವ ಮುಂಚೆ ಎಲ್ಲಿಗಾದರೂ ಹೋಗಿಬರೋಣವೇ ಎಂದು ನಾನು ಕೇಳಿದ್ದೆ. ಅವಳು ಸ್ವಲ್ಪ ಯೋಚಿಸಿ, ಜೊತೆಗೆ ಕೆಲಸ ಮಾಡುವವರು ಯಾರೋ ಮೋಟರ್‌ಹೋಮಿನ ವಿಡಿಯೊ ತೋರಿಸಿದ್ದನ್ನು ಹೇಳಿದಳು.

"ಗಾಡೀನ ಮನಿ ಇರ್ತೈತಿ. ದಿನಾ ಪೆಟ್ಟಿಗಿ ಕಟ್ಟೂದು, ಬಿಚ್ಚೂದು ಇರಂಗಿಲ್ಲ. ಅಂಥಾದ್ರಾಗ ಹೋಗೂಣು."

ನನ್ನ ಗಂಡನ ರಿಫೈನರಿಯಲ್ಲಿ ರಿಪೇರಿಯ ಶಟ್‌ಡೌನ್ ನಡೆದಿತ್ತು, ರಜೆ ಸಿಗುವಂತಿರಲಿಲ್ಲ; ಮಗನಿಗೆ ಶಾಲೆ. ಹಾಗಾಗಿ ನಾವಿಬ್ಬರೇ ಹೊರಟೆವು. ಪ್ಯಾರಿಸ್ಸಿನ ಹೊರವಲಯದಲ್ಲಿ ಗಾಡಿಯನ್ನು ಬಾಡಿಗೆಗೆ ಪಡೆದು ಉತ್ತರಕ್ಕೆ ತಿರುಗಿದೆವು. ಡ್ರೈವಿಂಗ್ ನನಗೆ ಕಷ್ಟವಾಗಲಿಲ್ಲ. ದಿನವೂ ಅಬು ಹಲೀಫಾದಿಂದ ಕುವೈತ್ ಸಿಟಿಯ ಬ್ಯಾಂಕಿಗೆ ಕಾರಿನಲ್ಲಿ ಹೋಗಿಬರುವವಳು ನಾನು. ಸ್ಟಿಯರಿಂಗ್ ಎಡಕ್ಕೆ, ಓಡಿಸುವುದು ರಸ್ತೆಯ ಬಲಕ್ಕೆ, ಎಲ್ಲವೂ ಅಲ್ಲಿಯಂತೆಯೇ. ಗಾಡಿ ಮಾತ್ರ ಉದ್ದ. ತಿರುವಿನಲ್ಲಿ ಹಿಂಭಾಗ ಎಲ್ಲಿದೆ ಎಂಬ ಅಂದಾಜು ಸಿಗಲು ಎರಡು ದಿನ ಬೇಕಾಯಿತು.

ನಾನು ಹೇಳಬೇಕೆಂದಿರುವುದು ಅದರ ಮರುದಿನದ್ದು. ಹಿಂದಿನ ಸಂಜೆ ಅಮಿಯಾಂ ಪಟ್ಟಣ ದಾಟಿ, ಸೊಮ್ ನದಿಯ ಕಾಲುವೆಯ ದಂಡೆಯಲ್ಲಿದ್ದ ಒಂದು ಹಳ್ಳಿಯಲ್ಲಿ ಗಾಡಿ ನಿಲ್ಲಿಸಿದ್ದೆವು. ಇಂಥ ಗಾಡಿಗಳಿಗೆಂದೇ ಊರಿನವರು ಬಿಟ್ಟ ಜಾಗ ಅದು: ನೀರಿನ ನಲ್ಲಿ, ಕೊಳಕು ನೀರು ಬಿಡಲು ಒಂದು ತೂತು, ಸುತ್ತ ಹಳದಿ ತಿರುಗಿದ ಎತ್ತರದ ಮರಗಳು. ನಮ್ಮ ಪಕ್ಕದಲ್ಲಿ ಇನ್ನೊಂದೇ ಗಾಡಿ ಇತ್ತು. ಅದೂ ಬಿಳಿ, ಅದೇ ಕಂಪನಿಯದು, ಕಿಟಕಿಗಳೂ ಅದೇ ಆಕಾರದವು. ಒಬ್ಬ ವಯಸ್ಸಾದ ಗಂಡಸು ಬೆಳಕು ಹರಿಯುವಾಗ ಹೊರಗೆ ಬಂದು ನಮಗೆ ತಲೆ ಬಾಗಿಸಿ ಮತ್ತೆ ಒಳಗೆ ಹೋಗಿದ್ದರು.

ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಕಾಲುವೆಯ ಆಚೆಯ ದಂಡೆ ಕಾಣಿಸುತ್ತಿರಲಿಲ್ಲ. ಅವತ್ತು ಹಳ್ಳಿಯ ಸಂತೆಯ ದಿನ ಎಂದು ಬೇಕರಿಯ ಹೆಂಗಸು ಫೋನಿನ ಅನುವಾದದಲ್ಲಿ ಹೇಳಿದ್ದರಿಂದ ನಾವಿಬ್ಬರೂ ಚೀಲ ಹಿಡಿದು ನಡೆದೆವು. ಆಲೂಗಡ್ಡೆ, ಈರುಳ್ಳಿ, ಸೇಬು ತೆಗೆದುಕೊಂಡೆವು. ಸಂತೆಯ ಅರ್ಧಕ್ಕರ್ಧ ಸೇವಂತಿಗೆ ತುಂಬಿತ್ತು. ಕುಂಡಗಳಲ್ಲಿ ಬೆಳೆಸಿದ ಹಳದಿ, ಬಿಳಿ, ಕಂದುಗೆಂಪು ಸೇವಂತಿಗೆ. ಅಕ್ಕ ನಿಂತುಬಿಟ್ಟಳು. ಹಳದಿಯದೊಂದು ಕುಂಡ ಕೊಂಡು, ಅಲ್ಲೇ ಒಂದು ಹೂವು ಚಿವುಟಿ ತುರುಬಿಗೆ ಸಿಕ್ಕಿಸಿಕೊಂಡಳು. ಮಾರುವ ಹೆಂಗಸು ಅವಳನ್ನು ನೋಡಿದ ರೀತಿಯಲ್ಲಿ ಏನೋ ಇತ್ತು. ಏನೆಂದು ಆಗ ಗೊತ್ತಾಗಲಿಲ್ಲ.

ವಾಪಸು ಬಂದಾಗ ಗಾಡಿಯ ಬಾಗಿಲು ಪೂರ್ತಿ ಮುಚ್ಚಿರಲಿಲ್ಲ. ಕೀಲಿ ಹಾಕಿದ್ದು ಅವಳೆಂದು ನಾನು, ನಾನೆಂದು ಅವಳು ತಿಳಿದಿದ್ದೆವು. ನಾನು ಮೊದಲು ಒಳಗೆ ಹೋದೆ. ಹಿಂದಿನ ಹಾಸಿಗೆಯಲ್ಲಿ, ಅಕ್ಕನ ಜಾಗದಲ್ಲಿ, ಅಕ್ಕನ ಕಂಬಳಿ ಹೊದ್ದು ಒಬ್ಬ ಅಜ್ಜಿ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಬಿಳಿ ಕೂದಲು ದಿಂಬಿನ ಮೇಲೆ ಹರಡಿತ್ತು. ಅವಳ ಬೂಟುಗಳು ಹಾಸಿಗೆಯ ಕೆಳಗೆ ಜೋಡಿಯಾಗಿ, ಓರಣವಾಗಿ ಇದ್ದವು.

ಪೊಲೀಸರಿಗೆ ಫೋನ್ ಮಾಡುವುದೇ ಸರಿ ಎಂದು ನಾನು ಪಿಸುಗುಟ್ಟಿದೆ. ಪಾಸ್‌ಪೋರ್ಟುಗಳು ಒಳಗೇ ಇದ್ದವು. ಅಕ್ಕ ಕೈ ಅಡ್ಡ ಹಿಡಿದಳು.

"ತಡಿ. ಎಬ್ಬಸಬ್ಯಾಡ. ಕಳ್ಳರು ಬೂಟ್ ಬಿಚ್ಚಿಟ್ಟು ಮಲಗತಾರೇನು?"

ಅವಳು ಬಗ್ಗಿ ಅಜ್ಜಿಯ ಉಸಿರು ನೋಡಿದಳು. ಉಣ್ಣೆಯ ಅಂಗಿಯ ಗುಂಡಿಗಳನ್ನು ಒಂದೊಂದು ಕಾಜ ತಪ್ಪಿ ಹಾಕಿಕೊಂಡಿದ್ದಳು. ಒಂದು ಕಾಲಿಗೆ ಕಾಲುಚೀಲ ಇತ್ತು, ಇನ್ನೊಂದಕ್ಕೆ ಇರಲಿಲ್ಲ. ಮರೆವಿನ ಕಾಯಿಲೆ ಇರಬೇಕು, ತನ್ನ ಗಾಡಿ ಎಂದುಕೊಂಡು ಹತ್ತಿದ್ದಾಳೆ ಎಂದಳು ಅಕ್ಕ. ಪಕ್ಕದ ಗಾಡಿಯ ಬಾಗಿಲು ಹಾರು ಹೊಡೆದಿತ್ತು, ಒಳಗೆ ಯಾರೂ ಇರಲಿಲ್ಲ.

"ಅಕಿ ಗಂಡ ಹುಡುಕಾಕತ್ತಿರಬೇಕು. ನೀ ಹೋಗಿ ನೋಡು. ನಾ ಇಲ್ಲೇ ಇರ್ತೀನಿ."

ನಾನು ಕಾಲುವೆಯ ದಂಡೆ ಹಿಡಿದು ನಡೆದೆ. ಮಂಜಿನಲ್ಲಿ ಯಾರೋ ಒಂದು ಹೆಸರನ್ನು ಮತ್ತೆ ಮತ್ತೆ ಕರೆಯುವುದು ಕೇಳಿಸುತ್ತಿತ್ತು. ದನಿ ದೊಡ್ಡದಿರಲಿಲ್ಲ. ಕಾಲುವೆಗೆ ಗೇಟು ಹಾಕಿರುವ ಜಾಗದ ಹತ್ತಿರ ಅವರು ಸಿಕ್ಕರು, ಬೆಳಿಗ್ಗೆ ತಲೆ ಬಾಗಿಸಿದ ಹಿರಿಯರು. ಮೊಣಕಾಲಿನವರೆಗೆ ಪ್ಯಾಂಟು ನೆನೆದಿತ್ತು. ಜೊಂಡಿನ ಒಳಗೆ ಇಳಿದು ನೋಡಿ ಬಂದಿದ್ದರು. ನನಗೆ ಫ್ರೆಂಚ್ ಬರುವುದಿಲ್ಲ, ಫೋನು ಗಾಡಿಯಲ್ಲೇ ಉಳಿದಿತ್ತು. ಎರಡೂ ಅಂಗೈ ಜೋಡಿಸಿ ಕೆನ್ನೆಗೆ ಹಚ್ಚಿ, ಮಲಗಿದ್ದಾರೆ ಎಂದು ತೋರಿಸಿದೆ. ಮೊದಲು ಅವರಿಗೆ ಅದು ಬೇರೆ ಅರ್ಥವಾಯಿತೆಂದು ಕಾಣುತ್ತದೆ; ಮುಖದ ಬಣ್ಣವೇ ಹೋಯಿತು. ನಾನು ಅವಸರದಲ್ಲಿ ಗಾಡಿಯ ಕಡೆ ಕೈ ತೋರಿಸಿ, ನಕ್ಕು, ಸ್ಟಿಯರಿಂಗ್ ತಿರುಗಿಸುವಂತೆ ಅಭಿನಯಿಸಿದೆ. ಅವರು ನನ್ನ ತೋಳು ಹಿಡಿದುಕೊಂಡರು. ಓಡಲು ಅವರಿಂದ ಆಗುತ್ತಿರಲಿಲ್ಲ. ಹಾಗೆಯೇ ನಡೆದು ಬಂದೆವು.

ನಾವು ಬಾಗಿಲು ತೆರೆದಾಗ ಅಜ್ಜಿ ಎದ್ದು ಮೇಜಿನ ಮುಂದೆ ಕುಳಿತಿದ್ದಳು. ಬೆಳಿಗ್ಗೆ ನಾನು ಮಾಡಿಟ್ಟಿದ್ದ ಒಗ್ಗರಣೆ ಅವಲಕ್ಕಿಯನ್ನು ಚಮಚದಲ್ಲಿ ತಿನ್ನುತ್ತಿದ್ದಳು. ಹೆಗಲ ಮೇಲೆ ಅಕ್ಕನ ಶಾಲು. ಕಿವಿಯ ಹಿಂದೆ ಹಳದಿ ಸೇವಂತಿಗೆ. ಅಕ್ಕನ ತುರುಬು ನೋಡಿ ತಾನೂ ಕೇಳಿದಳಂತೆ, ಬೆರಳು ತೋರಿಸಿ.

ನಾನು ಒಳಗೆ ಹೋದೆ, ಹಿರಿಯರು ಮೆಟ್ಟಿಲ ಮೇಲೆ ನಿಂತು ಟೋಪಿ ತೆಗೆದರು. ಅಜ್ಜಿ ಅವರನ್ನು ನೋಡಿ ಮರ್ಯಾದೆಯ ದನಿಯಲ್ಲಿ ಏನೋ ಹೇಳಿದಳು. ಅವರು ತಲೆಯಾಡಿಸಿ, ಒಂದು ಹೆಜ್ಜೆ ಹಿಂದೆ ಇಳಿದು, ಬಾಗಿಲನ್ನು ಹೊರಗಿನಿಂದ ಮೆಲ್ಲಗೆ ಮುಚ್ಚಿದರು. ಅವಳು ಹೇಳಿದ್ದೇನೆಂದು ಅವರೇ ಆಮೇಲೆ ತಿಳಿಸಿದರು: 'ಸ್ವಾಮಿ, ದಯವಿಟ್ಟು ಬಾಗಿಲು ಹಾಕಿ, ಚಳಿ ಒಳಗೆ ಬರುತ್ತಿದೆ.'

ನಾನು ಅಕ್ಕನ ಮುಖ ನೋಡಿದೆ.

"ಅವರನ್ನ ಒಳಗ ಕರಿ," ಎಂದಳು. "ಥಂಡ್ಯಾಗ ನಿಂತಾರ."

ಅವರು ಅತಿಥಿಯಂತೆ ಬಂದು ಮೇಜಿನ ತುದಿಯಲ್ಲಿ ಕುಳಿತರು. ಅಜ್ಜಿಯೇ ಜಾಗ ತೋರಿಸಿದಳು, ಮನೆಯ ಯಜಮಾನಿಯಂತೆ. ಅಕ್ಕ ಅವರಿಗೂ ಅವಲಕ್ಕಿ ಕೊಟ್ಟಳು, ಚಹಾ ಕೊಟ್ಟಳು, ಒದ್ದೆ ಕಾಲಿಗೆ ಒಂದು ಟವೆಲ್ ಕೊಟ್ಟಳು. ಫೋನಿನ ಅನುವಾದದ ಮೂಲಕ ಮಾತು ನಿಧಾನವಾಗಿ ಸಾಗಿತು. ಅವರದು ಬೆಲ್ಜಿಯಂ ಗಡಿಯ ಕಡೆಯ ಊರು. ಹೆಂಡತಿಯ ತವರು ಇಲ್ಲಿಂದ ಮುಂದೆ, ಸೊಮ್ ನದಿ ಸಮುದ್ರ ಸೇರುವ ಕಡೆ. ವರ್ಷಕ್ಕೊಮ್ಮೆ, ಅಲ್ಲಿಯವರು ತಮ್ಮ ಸತ್ತವರನ್ನು ನೆನೆಯುವ ಹಬ್ಬದ ಮುಂಚೆ, ಇಬ್ಬರೂ ಬಂದು ಅವಳ ತಾಯಿತಂದೆಯ ಸಮಾಧಿ ತೊಳೆದು ಹೂವಿಟ್ಟು ಹೋಗುತ್ತಾರೆ. ಸೇವಂತಿಗೆ ಆ ಹೂವೇ. ಅಲ್ಲಿ ಅದನ್ನು ಸಮಾಧಿಗೆ ಬಿಟ್ಟು ಬೇರೆ ಯಾತಕ್ಕೂ ಬಳಸುವುದಿಲ್ಲವಂತೆ. ಸಂತೆಯ ಹೆಂಗಸಿನ ನೋಟ ನನಗೆ ಆಗ ಅರ್ಥವಾಯಿತು. ಅಕ್ಕ ಮಾತ್ರ ಹೂವು ತೆಗೆಯಲಿಲ್ಲ. ನಮ್ಮಲ್ಲಿ ದೇವರಿಗೂ ಅದೇ, ಹೆಣಕ್ಕೂ ಅದೇ, ತಲೆಗೂ ಅದೇ ಎಂದು ಅವರಿಗೆ ತಿಳಿಸು ಎಂದಳು. ನಾನು ತಿಳಿಸಿದೆ. ಅವರು ಅದನ್ನು ಗಂಭೀರವಾಗಿ ಕೇಳಿಸಿಕೊಂಡರು.

ಮಾತಾಡುವಾಗಲೇ ಅವರ ರೆಪ್ಪೆಗಳು ಮುಚ್ಚಿಕೊಳ್ಳುತ್ತಿದ್ದವು. ಅಜ್ಜಿ ರಾತ್ರಿಯೆಲ್ಲ ಏಳುತ್ತಾಳೆ, ಬಾಗಿಲ ಹಿಡಿಕೆಗೆ ಗಂಟೆ ಕಟ್ಟಿಟ್ಟು ಇವರು ಕುಳಿತೇ ಕಾಯುತ್ತಾರೆ; ಇವತ್ತು ಬೆಳಕಾದ ಮೇಲೆ ನಿದ್ದೆ ಹತ್ತಿಬಿಟ್ಟಿತು, ಗಂಟೆ ಕೇಳಿಸಲಿಲ್ಲ. ಅಕ್ಕ ಚಹಾದ ಲೋಟಗಳನ್ನು ಎತ್ತಿದಳು.

"ಇವರು ಹೋಗಿ ಮಲಗಲಿ ಅಂತ ಹೇಳು. ನಾವು ಅಕಿ ಜೋಡಿ ಕುಂದ್ರತೀವಿ. ಸಮುದ್ರ ಎಲ್ಲೂ ಹೋಗಂಗಿಲ್ಲ."

ಅವತ್ತು ಮಧ್ಯಾಹ್ನದೊಳಗೆ ಸಮುದ್ರತೀರ ಮುಟ್ಟಬೇಕೆಂದು ನಾನು ಲೆಕ್ಕ ಹಾಕಿದ್ದೆ. ಭರತದ ಸಮಯ, ಸೀಲ್ ಪ್ರಾಣಿಗಳು ಕಾಣುವ ಜಾಗ, ಎಲ್ಲ ನೋಡಿಟ್ಟುಕೊಂಡಿದ್ದೆ. ನನಗೆ ಸ್ವಲ್ಪ ಸಿಟ್ಟು ಬಂತು. ರಜೆಯಲ್ಲಿಯೂ ಡ್ಯೂಟಿ ಹುಡುಕಿಕೊಳ್ಳುತ್ತಾಳೆ ಎನ್ನಿಸಿತು. ಆದರೆ ಅವರಿಗೆ ಹೇಳಬೇಕಾದುದನ್ನು ಹೇಳಿದೆ. ಅವರು ಬೇಡ ಬೇಡ ಎಂದರು. ಅಕ್ಕ ತನ್ನ ಆಸ್ಪತ್ರೆಯ ಗುರುತಿನ ಚೀಟಿ ತೆಗೆದು ತೋರಿಸಿದಳು. ಅವರು ಅದನ್ನು ಓದಲಿಲ್ಲ, ಅವಳ ಮುಖ ನೋಡಿದರು. ಆಮೇಲೆ ತಮ್ಮ ಗಾಡಿಗೆ ಹೋಗಿ ಮಲಗಿದರು. ಮಧ್ಯಾಹ್ನವಾಗುವವರೆಗೂ ಏಳಲಿಲ್ಲ.

ಅಷ್ಟು ಹೊತ್ತೂ ಅಕ್ಕ ಅಜ್ಜಿಯ ಜೊತೆ ಕನ್ನಡದಲ್ಲಿ ಮಾತಾಡಿದಳು, ಅಜ್ಜಿ ಫ್ರೆಂಚಿನಲ್ಲಿ. ಇಬ್ಬರಿಗೂ ತೊಂದರೆ ಕಾಣಲಿಲ್ಲ. ಅಕ್ಕ ಅವಳನ್ನು ಯುಮ್ಮಾ ಎಂದು ಕರೆಯುತ್ತಿದ್ದಳು. ಕುವೈತಿನ ವಾರ್ಡುಗಳಲ್ಲಿ ಮುದುಕಿಯರನ್ನೆಲ್ಲ ಹಾಗೆ ಕರೆದು ಅವಳಿಗೆ ರೂಢಿ. ಅರಬ್ಬಿಯಲ್ಲಿ ತಾಯಿ ಎಂದರ್ಥ. ನಮ್ಮ ಕಡೆಯ 'ಯವ್ವಾ' ಎಂಬುದಕ್ಕೆ ಅಷ್ಟೇನೂ ದೂರದ್ದಲ್ಲ. ಮಂಜು ಕರಗಿ ಬಿಸಿಲು ಬಂದಾಗ ಮೂವರೂ ಕಾಲುವೆಯ ದಂಡೆಯಲ್ಲಿ ಸ್ವಲ್ಪ ನಡೆದೆವು. ಬಂದು ಆಲೂಗಡ್ಡೆ ಸುಲಿಯಲು ಕುಳಿತೆವು. ಅಜ್ಜಿ ನನ್ನ ಕೈಯಿಂದ ಚಾಕು ಇಸಿದುಕೊಂಡು ಸಿಪ್ಪೆಯನ್ನು ಮುರಿಯದಂತೆ ಒಂದೇ ಎಳೆಯಾಗಿ ತೆಗೆದಳು. ಅಕ್ಕ ಚಾಕುವಿನ ಮೇಲೊಂದು ಕಣ್ಣಿಟ್ಟೇ ಇದ್ದಳು.

ನಾನು ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಆಗ ಕೇಳಿದೆ. ಊರಿಗೆ ಹೋದಮೇಲೆ ಎಲ್ಲಿರುತ್ತಿ? ನಮ್ಮ ತಮ್ಮ ಊರಿನಲ್ಲಿ ತನ್ನ ಮನೆಯ ಮೇಲೆ ಒಂದು ಕೋಣೆ ಕಟ್ಟಿಸುವ ಮಾತಾಡುತ್ತಿದ್ದ. ನಮ್ಮ ಹುಬ್ಬಳ್ಳಿಯ ಫ್ಲ್ಯಾಟ್ ಖಾಲಿ ಇತ್ತು. ಇಬ್ಬರೂ ಅವಳಿಗೆ ಹೇಳಿದ್ದೆವು, ಅವಳು ಇಬ್ಬರಿಗೂ ಉತ್ತರ ಕೊಟ್ಟಿರಲಿಲ್ಲ.

"ಗದಗಿನ್ಯಾಗ ಮನಿ ಹಿಡದೇನಿ," ಎಂದಳು, ಆಲೂಗಡ್ಡೆಯಿಂದ ತಲೆ ಎತ್ತದೆ. "ಬಾಡಿಗಿದು. ಎರಡು ಖೋಲಿ, ಒಂದು ಅಡಗಿಮನಿ. ಹೋದ ಸಲ ರಜಾಕ್ಕ ಹೋದಾಗ ನೋಡಿ ಬಂದೆ."

"ತಮ್ಮಗ ಹೇಳೀಯೇನು?"

"ಇಲ್ಲ. ನಿನಗೂ ಈಗ ಹೇಳಾಕತ್ತೀನಿ."

"ಹುಬ್ಬಳ್ಳಿ ಫ್ಲ್ಯಾಟ್ ಖಾಲೀನ ಐತೆಲ್ಲ ಅಕ್ಕಾ."

"ಅದು ನಿನ್ನ ಮನಿ."

ಅದರಲ್ಲಿ ಬೇಸರವಿರಲಿಲ್ಲ. ಬಾಗಿಲ ಮೇಲಿನ ನಂಬರ್ ಓದಿ ಹೇಳಿದಂತೆ ಹೇಳಿದಳು. ನಂತರ, ನಾನು ಕೇಳದೆಯೇ, ಕುವೈತಿಗೆ ಬಂದ ಹೊಸದರ ಒಂದು ಸಂಗತಿ ಹೇಳಿದಳು. ನರ್ಸುಗಳ ಹಾಸ್ಟೆಲಿನಲ್ಲಿ ಎಲ್ಲ ಮಹಡಿಗಳೂ ಒಂದೇ ತರಹ, ಎಲ್ಲ ಬಾಗಿಲುಗಳೂ ಒಂದೇ ಬಣ್ಣ. ರಾತ್ರಿಪಾಳಿ ಮುಗಿಸಿ ಬಂದವಳು ಲಿಫ್ಟಿನಿಂದ ಬೇರೆ ಮಹಡಿಗೆ ಇಳಿದು, ತೆರೆದಿದ್ದ ಕೋಣೆಗೆ ನುಗ್ಗಿ ಮಲಗಿಬಿಟ್ಟಿದ್ದಳು. ಎಚ್ಚರವಾದಾಗ ಫಿಲಿಪೀನ್ಸಿನ ಒಬ್ಬ ನರ್ಸ್ ಕುರ್ಚಿಯ ಮೇಲೆ ಕುಳಿತು ಉಗುರು ಕತ್ತರಿಸಿಕೊಳ್ಳುತ್ತಿದ್ದಳು. ಅವಳದೂ ರಾತ್ರಿಪಾಳಿಯೇ, ಅವಳದೇ ಹಾಸಿಗೆ. ಎಬ್ಬಿಸಿರಲಿಲ್ಲ. ಅವಳ ಹೆಸರು ಕೇಳಬೇಕೆಂದು ಅಕ್ಕನಿಗೆ ಆ ಹೊತ್ತಿಗೆ ಹೊಳೆಯಲಿಲ್ಲವಂತೆ, ಅಷ್ಟು ನಾಚಿಕೆಯಾಗಿತ್ತು.

"ಅಲ್ಲಿಂದ ಇಲ್ಲೀತನಕ ಯಾರ್ಯಾರದೋ ಜೋಡಿನ ಖೋಲಿ ಹಂಚ್ಕೊಂಡೇನಿ. ಇನ್ನ ಸಾಕು. ಖಲಾಸ್."

ಹುಬ್ಬಳ್ಳಿಯ ಫ್ಲ್ಯಾಟಿನಲ್ಲಿ ಅವಳಿದ್ದರೆ ಅದನ್ನು ನೋಡಿಕೊಳ್ಳಲು ಒಬ್ಬರಾದರು ಎಂಬ ಯೋಚನೆ ನನ್ನ ತಲೆಯಲ್ಲಿತ್ತು. ಅದು ಅವಳಿಗೂ ಗೊತ್ತಿತ್ತೇನೋ.

ಊಟವಾದ ಮೇಲೆ ಅಜ್ಜಿ ಬದಲಾದಳು. ಎದ್ದು ಬಾಗಿಲ ಹತ್ತಿರ ಹೋಗಿ ಒಂದೇ ಮಾತನ್ನು ಹೇಳತೊಡಗಿದಳು. ಮನೆಗೆ ಹೋಗಬೇಕು ಎನ್ನುತ್ತಿದ್ದಾಳೆ ಎಂದು ಫೋನ್ ಹೇಳಿತು. ನಾನು ತಡೆಯಲು ಹೋದಾಗ ನನ್ನ ಮುಂಗೈಯನ್ನು ಬಲವಾಗಿ ಹಿಂಡಿದಳು, ಉಗುರು ನಾಟಿತು. ಅವಳಲ್ಲಿ ಅಷ್ಟು ಶಕ್ತಿ ಇದ್ದೀತೆಂದು ನಾನು ಅಂದುಕೊಂಡಿರಲಿಲ್ಲ. ಅಕ್ಕ ಬಾಗಿಲು ತೆರೆದು, "ನಡಿ ಯುಮ್ಮಾ, ಹೋಗೂಣು," ಎಂದು ಅವಳ ಕೈ ಹಿಡಿದು ಇಳಿಸಿದಳು. ಇಬ್ಬರೂ ಮರಗಳ ತನಕ ಹೋಗಿ, ನಲ್ಲಿಯ ಸುತ್ತ ಬಂದು, ನಮ್ಮ ಗಾಡಿಯ ಮುಂದೆ ನಿಂತರು. "ಬಂತು ನೋಡು ಮನಿ," ಎಂದಳು ಅಕ್ಕ. ಅಜ್ಜಿ ಮೆಟ್ಟಿಲು ಹತ್ತಿ ಬಂದು ತನ್ನ ಜಾಗದಲ್ಲಿ ಕುಳಿತಳು.

ಹಿರಿಯರು ಎದ್ದು ಬಂದರು. ನಿದ್ದೆಯಿಂದ ಅವರ ಮುಖ ಊದಿತ್ತು, ಆದರೆ ಹಗುರಾಗಿತ್ತು. ಹೆಂಡತಿಯನ್ನು ಕರೆದರು. ಅವಳು ಬರಲಿಲ್ಲ. ಅವರ ಗಾಡಿಯ ಬಾಗಿಲು ನೋಡಿ ತಲೆ ಅಲ್ಲಾಡಿಸಿ, ಅಕ್ಕನ ಶಾಲನ್ನು ಬಿಗಿಯಾಗಿ ಹೊದ್ದುಕೊಂಡಳು. ಕೊನೆಗೆ ಅವಳನ್ನು ನಮ್ಮ ಗಾಡಿಯಲ್ಲೇ ಕರೆದೊಯ್ಯುವುದು, ಅವರು ಮುಂದೆ ಹೋಗುವುದು, ನಾವು ಹಿಂಬಾಲಿಸುವುದು ಎಂದಾಯಿತು. ಹೇಗೂ ದಾರಿ ಒಂದೇ. ಹಿಂದಿನ ಸೀಟಿನಲ್ಲಿ ಅಜ್ಜಿಗೆ ಬೆಲ್ಟ್ ಹಾಕಿ ಅಕ್ಕ ಪಕ್ಕದಲ್ಲಿ ಕುಳಿತಳು. ಸೇವಂತಿಗೆಯ ಕುಂಡ ಉರುಳದಂತೆ ಸಿಂಕಿನೊಳಗೆ ಇಟ್ಟೆವು.

ಸಣ್ಣ ರಸ್ತೆಗಳಲ್ಲಿ ಹೋದೆವು. ಅದು ಅಲ್ಲಿ ಬೀಟ್ ಗೆಡ್ಡೆ ಕೀಳುವ ಕಾಲ. ಸಕ್ಕರೆ ತೆಗೆಯುವ ಬಿಳಿ ಬೀಟ್. ಕಿತ್ತ ಗೆಡ್ಡೆಗಳು ಹೊಲದ ಅಂಚಿನಲ್ಲಿ ಗೋಡೆಯ ಹಾಗೆ ಉದ್ದಕ್ಕೂ ಬಿದ್ದಿದ್ದವು. ಟ್ರ್ಯಾಕ್ಟರುಗಳು ಗಾಲಿಯ ಮಣ್ಣನ್ನೆಲ್ಲ ರಸ್ತೆಗೆ ತಂದುಹಾಕಿದ್ದವು. ಒಂದು ಇಳಿಜಾರಿನಲ್ಲಿ ನಮ್ಮ ಗಾಡಿಯ ಮುಂದಿನ ಗಾಲಿ ಕೆಸರಿನಲ್ಲಿ ಪಕ್ಕಕ್ಕೆ ಜಾರಿತು. ನಾನು ಬ್ರೇಕ್ ಒತ್ತದೆ ಸುಮ್ಮನೆ ಹಿಡಿದುಕೊಂಡೆ, ತಾನಾಗಿ ನೇರವಾಯಿತು. ಕುವೈತಿನಲ್ಲಿ ಮರಳು ಬಿದ್ದ ರಸ್ತೆಯಲ್ಲಿ ಹಾಗೆಯೇ ಮಾಡುತ್ತೇನೆ. ಹಿಂದೆ ಯಾರಿಗೂ ಗೊತ್ತಾಗಲಿಲ್ಲ. ಬಯಲಿನಲ್ಲಿ ಗಾಳಿಯಂತ್ರಗಳು ತಿರುಗುತ್ತಿದ್ದವು, ಆಕಾಶ ತಗ್ಗಿ ಬಂದಿತ್ತು. ಇಟ್ಟಿಗೆಯ ಮನೆಗಳ ಹಳ್ಳಿಗಳು, ಪ್ರತಿ ಹಳ್ಳಿಯ ಅಂಗಡಿಯ ಮುಂದೆಯೂ ಅದೇ ಹೂಗಳು. ಅಜ್ಜಿ ಕಿಟಕಿಯಿಂದ ಹೊರಗೆ ನೋಡುತ್ತ ಆಗಾಗ ಏನೋ ಒಂದು ಶಬ್ದ ಹೇಳುತ್ತಿದ್ದಳು. ಅಕ್ಕ ಹೂಂಗುಟ್ಟುತ್ತಿದ್ದಳು.

ಅಜ್ಜಿಯ ತವರೂರಿನ ಸ್ಮಶಾನ ದಿಬ್ಬದ ಮೇಲಿತ್ತು. ಅಲ್ಲಿ ಬೇರೆಯವರೂ ಇದ್ದರು. ಬಕೆಟ್ಟು, ಬ್ರಷ್ಷು ಹಿಡಿದು ತಮ್ಮ ತಮ್ಮ ಕಲ್ಲುಗಳನ್ನು ತೊಳೆಯುತ್ತಿದ್ದರು. ಹಿರಿಯರು ನೀರು ತಂದರು. ಅಜ್ಜಿ ಯಾರೂ ಹೇಳದೆಯೇ ಅಂಗಿಯ ತೋಳು ಮಡಚಿ, ಮಂಡಿಯೂರಿ, ಬ್ರಷ್ ತೆಗೆದುಕೊಂಡಳು. ಅಕ್ಷರಗಳ ಸಂದಿಯ ಪಾಚಿಯನ್ನು ಮೂಲೆಮೂಲೆಯಿಂದ ಉಜ್ಜಿ ತೆಗೆದಳು. ಅದು ಯಾರ ಸಮಾಧಿ ಎಂದು ಅವಳಿಗೆ ತಿಳಿದಂತೆ ಕಾಣಲಿಲ್ಲ. ಮುಗಿದ ಮೇಲೆ ಗಂಡನನ್ನು ಅದನ್ನೇ ಕೇಳಿದಳು. ಅವರು ಹೇಳಿದರು. ಒಳ್ಳೆಯ ಕಲ್ಲು ಎಂದಳಂತೆ ಅವಳು.

ಅಕ್ಕ ನಮ್ಮ ಕುಂಡ ತಂದು, ಕೊಡಬಹುದೇ ಎಂದು ಹಿರಿಯರ ಕಡೆ ನೋಡಿದಳು. ಅವರು ತಮ್ಮ ಬಿಳಿ ಹೂವಿನ ಕುಂಡವನ್ನು ಸ್ವಲ್ಪ ಸರಿಸಿ ಜಾಗ ಮಾಡಿದರು. ನಾನು ಚಪ್ಪಲಿ ಬಿಚ್ಚಬೇಕೇ ಬೇಡವೇ ಎಂದು ತಿಳಿಯದೆ ಹಾಗೆಯೇ ನಿಂತಿದ್ದೆ.

ಸ್ಮಶಾನದಿಂದ ಇಳಿಯುವಾಗ ಅಜ್ಜಿ ದಣಿದಿದ್ದಳು. ಗಂಡ ಕೈ ಹಿಡಿದರೆ ಬಿಡಿಸಿಕೊಳ್ಳಲಿಲ್ಲ. ಈ ಸಲ ಅವರ ಗಾಡಿಯನ್ನೇ ಹತ್ತಿದಳು. ಗುರುತು ಸಿಕ್ಕಿತೆಂದು ನನಗೆ ಅನ್ನಿಸಲಿಲ್ಲ. ಅದು ಹತ್ತಿರ ನಿಂತಿತ್ತು, ಅಷ್ಟೆ. ಶಾಲನ್ನು ಹಿಂದಕ್ಕೆ ಕೊಡಲು ಅವರು ಎಳೆದರೆ ಅವಳು ಬಿಡಲಿಲ್ಲ. ಇರಲಿ ಬಿಡಿ ಎಂದು ಅಕ್ಕ ಕೈಸನ್ನೆ ಮಾಡಿದಳು. ಹಿರಿಯರು ನನ್ನ ಫೋನ್ ನಂಬರ್ ಕೇಳಿ ಬರೆದುಕೊಂಡರು. ಅಕ್ಕನ ಎರಡೂ ಕೈಗಳನ್ನು ಹಿಡಿದು ಏನೋ ಹೇಳಿದರು. ಅದನ್ನು ಫೋನಿಗೆ ಹೇಳಿಸಿ ಕನ್ನಡ ಮಾಡಿಕೊಳ್ಳುವುದು ನಮಗಿಬ್ಬರಿಗೂ ಸರಿಕಾಣಲಿಲ್ಲ.

ನಾವು ಸಮುದ್ರ ಮುಟ್ಟಿದಾಗ ಬೆಳಕು ಕಡಿಮೆಯಾಗುತ್ತಿತ್ತು, ನೀರು ಇಳಿತದಲ್ಲಿತ್ತು. ಆ ಕೊಲ್ಲಿಯಲ್ಲಿ ನೀರು ಕಣ್ಣಿಗೆ ಕಾಣದಷ್ಟು ದೂರ ಹಿಂದೆ ಸರಿಯುತ್ತದೆ. ಎಲ್ಲ ಕಡೆ ಬೂದು ಮರಳು, ನಡುವೆ ಸಣ್ಣ ಹರಿವುಗಳು, ದೂರದಲ್ಲಿ ಕುರಿಗಳ ಒಂದು ಹಿಂಡು. ಸೀಲ್‌ಗಳು ಕಾಣಲಿಲ್ಲ. ಅಕ್ಕ ಬಹಳ ಹೊತ್ತು ನಿಂತು ನೋಡಿದಳು. ಕುವೈತಿನಲ್ಲಿ ಸಮುದ್ರ ಬಸ್ಸಿನ ಕಿಟಕಿಯಿಂದ ದಿನಾ ಕಾಣುತ್ತಿತ್ತು, ಆದರೆ ನಿಂತು ನೋಡಿದ್ದು ಕಡಿಮೆ ಎಂದಳು. ನಾನು ಒಳಗೆ ಹೋಗಿ ಬೆಳಿಗ್ಗೆ ಸುಲಿದ ಆಲೂಗಡ್ಡೆಯಲ್ಲಿ ಉಳಿದಿದ್ದಕ್ಕೆ ಒಗ್ಗರಣೆ ಹಾಕಿದೆ.

ಹೊಸ ವರ್ಷದಲ್ಲಿ ಅಕ್ಕ ಊರಿಗೆ ಹೋದಳು. ತಮ್ಮ ಕೆಲವು ವಾರ ಅವಳೊಂದಿಗೆ ಮಾತು ಬಿಟ್ಟು, ಆಮೇಲೆ ಅವನೇ ಹೋಗಿ ಗದಗಿನ ಮನೆಗೆ ಫ್ಯಾನು ಹಾಕಿಸಿಕೊಟ್ಟ. ಹುಬ್ಬಳ್ಳಿಯ ಫ್ಲ್ಯಾಟನ್ನು ನಾವು ಬಾಡಿಗೆಗೆ ಕೊಟ್ಟೆವು. ನಾನು ಅಬು ಹಲೀಫಾದಿಂದ ಸಿಟಿಗೆ ಹೋಗಿಬರುತ್ತಲೇ ಇದ್ದೇನೆ.

ಬೇಸಿಗೆ ಶುರುವಾಗುವ ಹೊತ್ತಿಗೆ ನನ್ನ ಫೋನಿಗೆ ಹಿರಿಯರ ಸಂದೇಶ ಬಂತು. ಹೆಂಡತಿಯನ್ನು ಒಂದು ಆರೈಕೆಯ ಮನೆಗೆ ಸೇರಿಸಬೇಕಾಯಿತು, ತಾನೂ ಅದೇ ಊರಿನಲ್ಲಿ ಕೋಣೆ ಹಿಡಿದಿದ್ದೇನೆ, ಗಾಡಿಯನ್ನು ಮಾರಿದೆ ಎಂದು ಬರೆದಿದ್ದರು. ನಾನು ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದೆ. ಆ ಕಡೆ ಕುಕ್ಕರ್ ಕೂಗಿತು, ಅವಳು ಅದನ್ನು ಆರಿಸಿ ಬಂದಳು.

"ಊಟ ಮಾಡ್ತಾಳೇನು ಅಂತ ಕೇಳು," ಎಂದಳು.

ಕೇಳಿದೆ. ಮರುದಿನ ಉತ್ತರ ಬಂತು. ಮಾಡುತ್ತಾಳೆ, ಚೆನ್ನಾಗಿಯೇ ಮಾಡುತ್ತಾಳೆ ಎಂದು.